ನಂಜನಗೂಡಿಗೆ ಹರಕೆ ತೀರಿಸಲು ಹೊರಡುವ ಮುನ್ನ

ಹಳೇ ಮೈಸೂರು ಕಡೆ ಗಾಯ ಕೀವುಗಟ್ಟಿ ಊದಿಕೊಂಡರೆ ‘ನಂಜಾಗಿದೆ’ ಅನ್ನುತ್ತಾರೆ. ಆಪರೇಷನ್ ಆದವರಿಗೆ ಬದನೆಕಾಯಿ ಕೊಡಬೇಡಿ, ನಂಜು ಅನ್ನುತ್ತಾರೆ. ಅಂಥ ನಂಜನ್ನೇ ಉಂಡು ಗಂಟಲಲ್ಲಿ ನಿಲ್ಲಿಸಿಕೊಂಡ ಶಿವನೇ ನಂಜನಗೂಡಿನ ನಂಜುಂಡ. ಶ್ರೀಕಂಠೇಶ್ವರ ಅನ್ನುವುದು ಅವನ ಸಂಸ್ಕೃತದ ಹೆಸರು. ಟಿಪ್ಪುವಿನ ಪಟ್ಟದಾನೆಯ ಕಣ್ಣಿನ ಬೇನೆ ಇಲ್ಲಿಗೆ ಹರಕೆ ಹೊತ್ತ ಮೇಲೆ ವಾಸಿಯಾಯಿತು, ಅದಕ್ಕೇ ಆತ ಪಚ್ಚೆ ಲಿಂಗ ಒಪ್ಪಿಸಿ ದೇವರನ್ನು ‘ಹಕೀಂ ನಂಜುಂಡ’ ಎಂದು ಕರೆದ ಅನ್ನುವ ಐತಿಹ್ಯ ಊರಲ್ಲಿ ಎಲ್ಲರ ಬಾಯಲ್ಲೂ ಇದೆ. ಮೈಸೂರು, ಚಾಮರಾಜನಗರದ ಕಡೆ ಮನೆಗೊಬ್ಬ ನಂಜಪ್ಪ, ನಂಜಮ್ಮ ಸಿಗುವುದಕ್ಕೂ ಕಾಯಿಲೆ ಬಿದ್ದ ಮಕ್ಕಳಿಗೆ ಹೊತ್ತ ಹರಕೆಗಳು ಒಂದು ಕಾರಣ.

ಹಾಗಾಗಿ ಇಲ್ಲಿಗೆ ಬರುವವರಲ್ಲಿ ಕಾಯಿಲೆಯಿಂದ ಎದ್ದವರು, ಇನ್ನೂ ಪೂರ್ತಿ ಎದ್ದಿರದವರು ಬಹಳ. ಅವರನ್ನು ಕರೆದುಕೊಂಡು ಹೋಗುವವರಿಗಾಗಿ ಈ ಬರಹ.

ಮೊದಲು ದಿನ ನೋಡಿಕೊಳ್ಳಿ. ಸೋಮವಾರ, ಹುಣ್ಣಿಮೆ, ಅಮಾವಾಸ್ಯೆ, ಕಾರ್ತಿಕದ ಸೋಮವಾರಗಳಂತೂ ಕಾಲಿಡಲು ಜಾಗವಿರುವುದಿಲ್ಲ. ಫಾಲ್ಗುಣದ ದೊಡ್ಡ ಜಾತ್ರೆಯಲ್ಲಿ ಐದು ತೇರು ಎಳೆಯುತ್ತಾರೆ. ನೋಡಲೇಬೇಕಾದದ್ದು, ಆದರೆ ನಿಶ್ಶಕ್ತರನ್ನು ಕರೆತರುವ ದಿನವಲ್ಲ. ಮಂಗಳವಾರದಿಂದ ಗುರುವಾರದೊಳಗೆ, ಬೆಳಿಗ್ಗೆ ಏಳರ ಸುಮಾರಿಗೆ ತಲುಪುವುದು ವಾಸಿ. ಮಧ್ಯಾಹ್ನ ಬಾಗಿಲು ಹಾಕುವುದುಂಟು, ತಡವಾಗಿ ಹೊರಟರೆ ಸಂಜೆ ತನಕ ಕಾಯಬೇಕಾಗುತ್ತದೆ. ಮೈಸೂರಿನಿಂದ ಸುಮಾರು 25 ಕಿಲೋಮೀಟರ್. ಬಸ್ಸು ಬೇಕಾದಷ್ಟಿವೆ, ಚಾಮರಾಜನಗರದ ರೈಲೂ ನಿಲ್ಲುತ್ತದೆ.

ಮಳೆಗಾಲದಲ್ಲಾದರೆ ಹೊರಡುವ ಹಿಂದಿನ ದಿನ ಕಬಿನಿ ಡ್ಯಾಮಿನ ಹೊರಹರಿವು ಎಷ್ಟಿದೆ ಎಂದು ವಿಚಾರಿಸಿ. ನಂಜನಗೂಡಿನ ಮಳೆಗೂ ಇಲ್ಲಿನ ಹೊಳೆಗೂ ಅಷ್ಟು ಸಂಬಂಧವಿಲ್ಲ. ವಯನಾಡಿನಲ್ಲಿ ಸುರಿದದ್ದು ಡ್ಯಾಮಿರುವ ಬೀಚನಹಳ್ಳಿಯಲ್ಲಿ ತುಂಬಿ, ಅಲ್ಲಿ ಗೇಟು ಎತ್ತಿದರೆ ಇಲ್ಲಿ ಕಪಿಲೆ (ಕಬಿನಿಯ ಇನ್ನೊಂದು ಹೆಸರು) ಏರುತ್ತಾಳೆ. ಊರಲ್ಲಿ ಬಿಸಿಲಿದ್ದರೂ ಸ್ನಾನಘಟ್ಟದ ಹದಿನಾರು ಕಾಲು ಮಂಟಪ ಮುಳುಗಿರಬಹುದು. ನೀರು ತೀರಾ ಹೆಚ್ಚಾದರೆ ಮಲ್ಲನಮೂಲೆ ಮಠದ ಹತ್ತಿರ ಮೈಸೂರು ರಸ್ತೆಯೇ ಬಂದ್. 2019ರ ಆಗಸ್ಟಿನಲ್ಲಿ ಹಾಗೇ ಆಗಿತ್ತು.

ಮುಡಿ ಕೊಡುವುದಿದ್ದರೆ ಅದು ಮೊದಲು, ಆಮೇಲೆ ಸ್ನಾನ, ಕೊನೆಗೆ ದರ್ಶನ. ಹೊಸ ಬ್ಲೇಡು ನಿಮ್ಮ ಕಣ್ಣೆದುರೇ ಕಾಗದ ಬಿಚ್ಚಿ ಹಾಕಲಿ. ಕೇಳಲು ಸಂಕೋಚ ಬೇಡ. ಮಗುವಿನ ತಲೆಯನ್ನು ಚೆನ್ನಾಗಿ ನೆನೆಸಿದಷ್ಟೂ ಕೊಯ್ಯುವುದು ಕಡಿಮೆ. ಹೊಸದಾಗಿ ಬೋಳಿಸಿದ ತಲೆಯಲ್ಲಿ ಕಣ್ಣಿಗೆ ಕಾಣದ ಗೀರುಗಳಿರುತ್ತವೆ, ಆದ್ದರಿಂದ ಮಗುವನ್ನು ಹೊಳೆಯಲ್ಲಿ ಮುಳುಗಿಸುವ ಬದಲು ನಲ್ಲಿ ನೀರಲ್ಲಿ ಮೀಯಿಸಿ, ಹೊಳೆ ನೀರು ನಾಲ್ಕು ಹನಿ ಪ್ರೋಕ್ಷಿಸಿದರೆ ಸಾಕು. ಹೊಲಿಗೆ ಆರದವರಿಗೂ, ಕಾಲಲ್ಲಿ ಹುಣ್ಣಿರುವವರಿಗೂ ಇದೇ ಮಾತು. ನಂಜು ಕಳೆಯಲು ಬಂದು ನಂಜು ಹತ್ತಿಸಿಕೊಂಡು ಹೋಗಬಾರದಲ್ಲ. ಇಳಿಯುವವರು ನೀರಿನ ಅಂಚಿನ ಮೆಟ್ಟಿಲ ಮೇಲೆ ಎಚ್ಚರವಾಗಿರಿ. ಹಾವಸೆ ಕಟ್ಟುವುದು ಅಲ್ಲೇ, ಜಾರಿ ಬೀಳುವುದೂ ಅಲ್ಲೇ. ಉಟ್ಟ ಬಟ್ಟೆಯನ್ನು ಹೊಳೆಗೆ ಬಿಟ್ಟರೆ ಕಾಯಿಲೆ ಹೋಗುತ್ತದೆ ಎಂದು ಕೆಲವರು ಬಿಡುತ್ತಾರೆ. ಆ ಸೀರೆ, ಪಂಚೆಯೇ ಮುಂದಿನವರ ಕಾಲಿಗೆ ಸುತ್ತಿಕೊಳ್ಳುವುದು.

ಇನ್ನು ಉರುಳುಸೇವೆ. ಹರಕೆ ಹೊರುವಾಗ ಯಾರೂ ಲೆಕ್ಕ ಹಾಕಿರುವುದಿಲ್ಲ. ದೇವಸ್ಥಾನ 385 ಅಡಿ ಉದ್ದ, 160 ಅಡಿ ಅಗಲ. ಗೋಡೆಗುಂಟ ಒಂದು ಸುತ್ತು ಅಂದರೆ 1,090 ಅಡಿ. ಒಂದು ಉರುಳಿಗೆ ಮೂರಡಿ ಸಾಗಿದರೂ 360ಕ್ಕೂ ಹೆಚ್ಚು ಉರುಳು! ತಲೆ ಸುತ್ತುವುದು ಕಿವಿಯೊಳಗಿನ ದ್ರವದಿಂದ; ದೇಹ ನಿಂತರೂ ಅದು ಸ್ವಲ್ಪ ಹೊತ್ತು ತಿರುಗುತ್ತಲೇ ಇರುತ್ತದೆ. ಹತ್ತಿಪ್ಪತ್ತು ಉರುಳಿಗೊಮ್ಮೆ ಅಂಗಾತ ನಿಲ್ಲಿಸಿ, ಕಣ್ಣು ಬಿಟ್ಟು ಒಂದೇ ಕಡೆ ನೋಡಲು ಹೇಳಿ. ಮುಗಿದ ತಕ್ಷಣ ಎಬ್ಬಿಸಬೇಡಿ. ಮಲಗಿದ್ದು, ಕೂತು, ಆಮೇಲೆ ಏಳಲಿ.

ಜೊತೆಗೆ ಇಬ್ಬರು ಬೇಕೇಬೇಕು. ಮನುಷ್ಯನ ಭುಜ ಅಗಲ, ಪಾದ ಕಿರಿದು. ಹಾಗಾಗಿ ಉರುಳುವ ಮೈ ನೇರ ಹೋಗದೆ ಬುಗುರಿಯಂತೆ ಪಾದದ ಕಡೆಗೇ ತಿರುಗುತ್ತದೆ. ಒಬ್ಬರು ಕಾಲ ಬಳಿ ನಿಂತು ಆಗಾಗ ಪಾದಗಳನ್ನು ಮುಂದಕ್ಕೆ ಸರಿಸಿ ಸರಿಮಾಡಬೇಕು. ಇನ್ನೊಬ್ಬರು ಮುಂದೆ ಹೋಗುತ್ತ ಕಲ್ಲು, ತೆಂಗಿನ ಚಿಪ್ಪಿನ ಚೂರು ಆಯಬೇಕು. ಸೀರೆ ಒದ್ದೆಯಾದರೆ ಕಾಲಿಗೆ ಹಗ್ಗದಂತೆ ಬಿಗಿಯುತ್ತದೆ, ಹೆಂಗಸರಿಗೆ ಚೂಡಿದಾರ್ ಅನುಕೂಲ. ಸರ, ಬಳೆ, ಮೊಬೈಲು ಮೊದಲೇ ತೆಗೆದಿಡಿ. ಹೊಟ್ಟೆ ತುಂಬಿದ್ದರೆ ವಾಂತಿ, ಪೂರ್ತಿ ಖಾಲಿಯಿದ್ದರೆ ಕಣ್ಣುಕತ್ತಲೆ; ಎರಡು ಗಂಟೆ ಮುಂಚೆ ಎರಡು ಇಡ್ಲಿ ಹದವಾಗಿರುತ್ತದೆ. ಬಿ.ಪಿ., ಕುತ್ತಿಗೆ ನೋವು, ತಲೆಸುತ್ತು ಇರುವವರಿಗೂ ಬಸುರಿಯರಿಗೂ ಇದು ಬೇಡ. ಅಂಥವರು ಪ್ರದಕ್ಷಿಣೆ ಹಾಕಿ ಕೈಮುಗಿದರೆ ನಂಜುಂಡ ಒಪ್ಪದೆ ಇರುವವನಲ್ಲ.

ಸಕ್ಕರೆ ಕಾಯಿಲೆಯವರ ವಿಷಯ ಬೇರೆಯೇ ಹೇಳಬೇಕು. ಮಾತ್ರೆಯೋ ಇನ್ಸುಲಿನ್ನೋ ತೆಗೆದುಕೊಂಡು ದರ್ಶನದ ತನಕ ಉಪವಾಸ ಇದ್ದು ಸಾಲಿನಲ್ಲಿ ಕುಸಿಯುವವರುಂಟು. ಬೆವರು, ನಡುಕ ಕಂಡರೆ ತಕ್ಷಣ ಸಕ್ಕರೆ ಬಾಯಿಗೆ ಹಾಕಿ. ಹತ್ತು ಗಂಟೆ ದಾಟಿದರೆ ಹೊರಗಿನ ಕಲ್ಲುಹಾಸು ಕಾದ ಹೆಂಚು. ಪಾದದ ಸ್ಪರ್ಶ ಹೋದವರಿಗೆ ಸುಟ್ಟದ್ದೂ ತಿಳಿಯದೆ, ಮನೆಗೆ ಹೋಗಿ ನೋಡಿದಾಗ ಬೊಬ್ಬೆ ಕಾಣುತ್ತದೆ. ಅಂಥವರನ್ನು ಬಿಸಿಲೇರುವ ಮೊದಲೇ ಒಳಗೆ ಕರೆದೊಯ್ಯಿರಿ.

ಒಳಗೆ 147 ಕಂಬಗಳ ತಂಪು. ಏಳು ನೆಲೆಯ ಗೋಪುರ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು, ಗರ್ಭಗುಡಿ ಅದಕ್ಕಿಂತ ಬಹಳ ಹಳೆಯದು. ಅರವತ್ತಮೂರು ಪುರಾತನರ, ಅಂದರೆ ಹಿಂದಿನ ಶಿವಭಕ್ತರ, ವಿಗ್ರಹಗಳನ್ನು ನೋಡದೆ ಬರಬೇಡಿ. ಹೊಸ್ತಿಲುಗಳು ಎತ್ತರ, ಬಿಸಿಲಿಂದ ಬಂದ ಕಣ್ಣಿಗೆ ಕಾಣುವುದಿಲ್ಲ. ವಯಸ್ಸಾದವರ ಕೈ ಹಿಡಿದುಕೊಳ್ಳಿ. ಸುಗಂಧಿತ ಸಕ್ಕರೆ ಎಂದು ಬೆಣ್ಣೆ, ಶುಂಠಿ, ಸಕ್ಕರೆ ಬೆರೆಸಿದ ನೈವೇದ್ಯವುಂಟು. ವಿಷದ ಉರಿ ತಣಿಯಲೆಂದು ನಂಜುಂಡನಿಗೆ ಅರ್ಪಿಸುವುದು. ತಲೆನೋವಿಗೆ ಒಳ್ಳೆಯದು ಅನ್ನುತ್ತಾರೆ. ಪ್ರಸಾದವೆಂದು ಚಿಟಿಕೆ ಸಾಕು, ಬಿಟ್ಟ ಮಾತ್ರೆಯ ಬದಲಿಗಲ್ಲ.

ವಾಪಸು ಬರುವಾಗ ರಸಬಾಳೆ ಕೇಳುವುದು ಎಲ್ಲರ ರೂಢಿ. ಸೊರಗು ರೋಗ ಬಿದ್ದು ಅದರ ತೋಟಗಳು ಕೈಬೆರಳೆಣಿಕೆಗೆ ಬಂದಿವೆ. ಹೆಸರು ಹೇಳಿ ಮಾರುವುದೆಲ್ಲ ರಸಬಾಳೆಯಲ್ಲ. ಬೆಳೆಗಾರರ ಪರಿಚಯ ಇದ್ದರೆ ಮಾತ್ರ ದುಬಾರಿ ದುಡ್ಡು ಕೊಡಿ, ಇಲ್ಲದಿದ್ದರೆ ಏಲಕ್ಕಿಬಾಳೆಯೇ ಸಾಕು.