ದೊಡ್ಡ ನಗರ ಅಂತ ಯಾವುದನ್ನು ಕರೆಯಬೇಕು?

2018ರಲ್ಲಿ ವಿಶ್ವಸಂಸ್ಥೆ ಕೊಟ್ಟ ಪಟ್ಟಿಯಲ್ಲಿ ಜಗತ್ತಿನ ಅತಿ ದೊಡ್ಡ ನಗರ ಟೋಕಿಯೊ. ಸುಮಾರು 3.7 ಕೋಟಿ ಜನ. ಅದೇ ಪಟ್ಟಿಯಲ್ಲಿ ಜಕಾರ್ತಕ್ಕೆ ಒಂದು ಕೋಟಿಯ ಆಸುಪಾಸು. 2025ರ ಪಟ್ಟಿ ಬಂದಾಗ ನೋಡಿದರೆ ಜಕಾರ್ತ ಹತ್ತಿರ ಹತ್ತಿರ 4.2 ಕೋಟಿ ಜನರೊಂದಿಗೆ ಮೊದಲ ಸ್ಥಾನದಲ್ಲಿ ಕೂತಿದೆ. ಢಾಕಾ ಎರಡನೆಯದು. ಟೋಕಿಯೊ 3.3 ಕೋಟಿಗೆ ಇಳಿದು ಮೂರನೆಯದು. ಏಳು ವರ್ಷದಲ್ಲಿ ಮೂರು ಕೋಟಿ ಜನ ಗಂಟುಮೂಟೆ ಕಟ್ಟಿಕೊಂಡು ಜಕಾರ್ತಕ್ಕೆ ಬಂದುಬಿಟ್ಟರಾ? ಇಲ್ಲ. ಎಣಿಸುವ ರೀತಿ ಬದಲಾಯಿತು, ಅಷ್ಟೇ.

ಮೊದಲೆಲ್ಲ ಆಯಾ ದೇಶ ‘ನಮ್ಮ ನಗರದ ಗಡಿ ಇದು’ ಅಂತ ಹೇಳಿದ್ದನ್ನೇ ಹೆಚ್ಚುಕಮ್ಮಿ ಒಪ್ಪಿಕೊಳ್ಳುತ್ತಿದ್ದರು. ಈಗ ನೆಲವನ್ನು ಒಂದು ಕಿಲೋಮೀಟರ್ ಉದ್ದ, ಒಂದು ಕಿಲೋಮೀಟರ್ ಅಗಲದ ಚೌಕಗಳಾಗಿ ಮಾಡಿಕೊಳ್ಳುತ್ತಾರೆ. ಒಂದೊಂದು ಚೌಕದಲ್ಲಿ ಕನಿಷ್ಠ 1,500 ಜನ ಇರಬೇಕು, ಅಂಥ ಚೌಕಗಳು ಒಂದಕ್ಕೊಂದು ತಾಗಿಕೊಂಡಿರಬೇಕು, ಎಲ್ಲ ಸೇರಿ ಕನಿಷ್ಠ 50,000 ಜನ ಆಗಬೇಕು. ಆಗ ಅದು ನಗರ. ನಡುವೆ ಯಾವ ಪಾಲಿಕೆಯ ಗಡಿ ಹಾದುಹೋದರೂ ಲೆಕ್ಕಕ್ಕಿಲ್ಲ. ಹಾಗಾಗಿ ಬೋಗೋರ್, ಡೆಪೋಕ್, ಬೆಕಾಸಿ ಕಡೆಯವರೆಲ್ಲ ಜಕಾರ್ತದ ಲೆಕ್ಕಕ್ಕೆ ಬಂದರು.

ನನಗೆ ಈ ಹೊಸ ರೀತಿ ಹಳೆಯದಕ್ಕಿಂತ ಇಷ್ಟ. ಯಾಕೆಂದರೆ ಗಡಿಯನ್ನು ನಂಬಿಕೊಂಡರೆ ಏನೇನೋ ಆಗುತ್ತದೆ. ಚೀನಾದ ಚಾಂಗ್‌ಚಿಂಗ್ ನಗರಪಾಲಿಕೆಯ ವಿಸ್ತೀರ್ಣ ಸುಮಾರು 82,000 ಚದರ ಕಿ.ಮೀ., ಜನ 3.2 ಕೋಟಿ. ಇಡೀ ಆಸ್ಟ್ರಿಯಾ ದೇಶದಷ್ಟು ಜಾಗ ಅದು! ಅದರೊಳಗೆ ಬೆಟ್ಟ, ಹೊಲ, ಹಳ್ಳಿ ಎಲ್ಲ ಇವೆ. ಚೀನಾದ್ದೇ ಇನ್ನೊಂದು ‘ನಗರ’ ಹುಲುನ್‌ಬುಯಿರ್, ವಿಸ್ತಾರದಲ್ಲಿ ಬ್ರಿಟನ್ನಿಗಿಂತ ದೊಡ್ಡದು, ಒಳಗೆ ನೋಡಿದರೆ ಬಹುಪಾಲು ಹುಲ್ಲುಗಾವಲು ಮತ್ತು ಕಾಡು. ಇನ್ನೊಂದು ತುದಿಯಲ್ಲಿ ಲಂಡನ್ನಿನ ನಡುವೆಯೇ ಇರುವ ‘ಸಿಟಿ ಆಫ್ ಲಂಡನ್’. ಮೂರು ಚದರ ಕಿ.ಮೀ. ಕೂಡ ಇಲ್ಲ. 2021ರ ಜನಗಣತಿಯಲ್ಲಿ ಅಲ್ಲಿ ವಾಸ ಇದ್ದವರು ಒಂಬತ್ತು ಸಾವಿರಕ್ಕೂ ಕಡಿಮೆ, ಗ್ರೇಟರ್ ಲಂಡನ್ ಪೂರ್ತಿ ತೆಗೆದುಕೊಂಡರೆ 88 ಲಕ್ಷ. ಪ್ಯಾರಿಸ್ ಅಂತ ಕಾಗದದ ಮೇಲೆ ಇರುವುದು 105 ಚದರ ಕಿ.ಮೀ. ಮಾತ್ರ. ವರ್ತುಲ ರಸ್ತೆ ದಾಟಿದ ಕೂಡಲೇ ಪ್ಯಾರಿಸ್ ಮುಗಿಯಿತು ಅನ್ನುತ್ತದೆ ಕಾನೂನು, ಆದರೆ ಮನೆಗಳು, ಅಂಗಡಿಗಳು, ಮೆಟ್ರೊ ಯಾವುದೂ ಮುಗಿಯುವುದಿಲ್ಲ. ಬ್ರಿಟನ್ನಿನಲ್ಲಂತೂ ನಗರ ಅನ್ನುವ ಪಟ್ಟವನ್ನು ಕೊಡುವುದು ಅಲ್ಲಿನ ರಾಜ ಅಥವಾ ರಾಣಿ. ವೇಲ್ಸ್‌ನ ಸೇಂಟ್ ಡೇವಿಡ್ಸ್‌ನಲ್ಲಿ ಎರಡು ಸಾವಿರ ಜನವೂ ಇಲ್ಲ, ಅದು ನಗರ. ಒಂದೂವರೆ ಲಕ್ಷಕ್ಕೂ ಜಾಸ್ತಿ ಜನ ಇರುವ ರೆಡಿಂಗ್ ಇನ್ನೂ ನಗರ ಆಗಿಲ್ಲ.

ಆದರೂ ಚೌಕದ ಲೆಕ್ಕದಲ್ಲಿ ನನಗೆ ಒಂದು ಕೊರತೆ ಕಾಣುತ್ತದೆ. ಯಾರ ಮನೆಗೆ ಯಾರ ಮನೆ ಹತ್ತಿರ ಅನ್ನುವುದನ್ನು ಮಾತ್ರ ಅದು ಹೇಳುತ್ತದೆ. ನಾಲ್ಕು ಕೋಟಿ ಜನ ಒಂದೇ ಕಡೆ ಇದ್ದಾರೆ ಸರಿ, ಆದರೆ ಅದರಿಂದ ಅಲ್ಲಿರುವ ಒಬ್ಬರಿಗೆ ಏನು ಸಿಗುತ್ತದೆ?

ಕೃತಕ ಕಣ್ಣು ಮಾಡುವ ಕೆಲಸವನ್ನೇ ತೆಗೆದುಕೊಳ್ಳಿ. ಒಂದು ಕಣ್ಣು ಕಳೆದುಕೊಂಡವರನ್ನು ಎದುರಿಗೆ ಕೂರಿಸಿಕೊಂಡು, ಅವರ ಇನ್ನೊಂದು ಕಣ್ಣನ್ನು ನೋಡುತ್ತ ನೋಡುತ್ತ, ತೀರಾ ಸಣ್ಣ ಕುಂಚದಲ್ಲಿ ಪದರ ಪದರವಾಗಿ ಬಣ್ಣ ಕೂರಿಸುತ್ತಾರೆ. ಬಿಳಿಭಾಗದ ರಕ್ತನಾಳಗಳಿಗೆ ಕೆಂಪು ರೇಷ್ಮೆಯ ಎಳೆ ಇಡುತ್ತಾರೆ. ಎರಡೂ ಕಣ್ಣು ಒಂದೇ ಥರ ಕಾಣಬೇಕು, ಅದಕ್ಕೆ ಅಷ್ಟು ಹೊತ್ತು ಬೇಕು. ಇಂಥ ಕೆಲಸ ಬಲ್ಲ ಒಬ್ಬರು ಸಣ್ಣ ಪಟ್ಟಣದಲ್ಲಿ ಅಂಗಡಿ ಹಾಕಿದರೆ ತಿಂಗಳುಗಟ್ಟಲೆ ಯಾರೂ ಬಾಗಿಲು ತಟ್ಟುವುದಿಲ್ಲ. ಅವರ ಹೊಟ್ಟೆ ತುಂಬಬೇಕಾದರೆ ಸುತ್ತ ಲಕ್ಷಗಟ್ಟಲೆ ಜನ ಬೇಕು. ವಾಲ್ಟರ್ ಕ್ರಿಸ್ಟಾಲರ್ ಅನ್ನುವ ಜರ್ಮನ್ ಭೂಗೋಳತಜ್ಞ 1933ರಲ್ಲೇ ಇದನ್ನು ಹೇಳಿದ್ದ: ಪ್ರತಿ ಸೇವೆಗೂ ಅದು ನಡೆಯಲು ಬೇಕಾದಷ್ಟು ಕನಿಷ್ಠ ಗಿರಾಕಿಗಳು ಅಂತ ಇದ್ದಾರೆ, ಅದಕ್ಕಾಗಿ ಜನ ಬರಲು ಒಪ್ಪುವ ದೂರಕ್ಕೂ ಒಂದು ಮಿತಿ ಇದೆ. ದಿನಸಿ ಅಂಗಡಿಗೆ ಒಂದು ಬೀದಿ ಸಾಕು. ಮಕ್ಕಳ ಹೃದಯದ ಶಸ್ತ್ರಚಿಕಿತ್ಸೆಗೆ, ಕಿವಿ ಕೇಳದವರ ಕಾಲೇಜಿಗೆ, ತೀರಾ ಕೆಲವರು ಮಾತ್ರ ಓದುವ ಭಾಷೆಯ ಪುಸ್ತಕ ಮಾರುವವರಿಗೆ ಸಾಕಾಗುವುದಿಲ್ಲ.

ಹಾಗಾಗಿ ದೊಡ್ಡ ನಗರಕ್ಕೆ ನನ್ನ ಲಕ್ಷಣ ಇದು: ತೀರಾ ಕೆಲವರಿಗೆ ಮಾತ್ರ ಬೇಕಾದದ್ದು ಕೂಡ ಅಲ್ಲಿ ಉಳಿದುಕೊಳ್ಳಬೇಕು, ಬೇಕಾದವರು ಅದನ್ನು ದಿನದ ಓಡಾಟದಲ್ಲಿ ತಲುಪುವಂತಿರಬೇಕು. ಎರಡನೆಯ ಭಾಗವನ್ನೇ ಎಲ್ಲರೂ ಮರೆಯುವುದು.

ಇಟಲಿಯ ಭೌತವಿಜ್ಞಾನಿ ಚೆಸಾರೆ ಮಾರ್ಕೆಟ್ಟಿ 1994ರಲ್ಲಿ ಬರೆದ ಒಂದು ವಿಚಾರ ಇದಕ್ಕೆ ಸರಿಯಾಗಿ ಹೊಂದುತ್ತದೆ. ಯಾವ ಕಾಲದಲ್ಲೂ ಯಾವ ಊರಲ್ಲೂ ಜನ ದಿನಕ್ಕೆ ಸರಾಸರಿ ಒಂದು ಗಂಟೆಯಷ್ಟು ಓಡಾಟಕ್ಕೆ ಕೊಡುತ್ತಾರೆ, ಹೋಗಲು ಅರ್ಧ ಗಂಟೆ, ಬರಲು ಅರ್ಧ ಗಂಟೆ. ಕಾಲ್ನಡಿಗೆಯಲ್ಲಿ ಅರ್ಧ ಗಂಟೆಗೆ ಎರಡೂವರೆ ಕಿಲೋಮೀಟರ್. ರೋಮ್ ಸುತ್ತ ಕ್ರಿ.ಶ. 271ರಲ್ಲಿ ಕಟ್ಟಲು ಶುರುಮಾಡಿದ ಗೋಡೆಯ ಉದ್ದ ಸುಮಾರು 19 ಕಿಲೋಮೀಟರ್, ಅಂದರೆ ನಡುವಿನಿಂದ ಗೋಡೆಗೆ ಮೂರು ಕಿಲೋಮೀಟರ್ ಆಸುಪಾಸು. ಕಾಲು ಎಷ್ಟು ದೂರವೋ ಊರೂ ಅಷ್ಟೇ ದೂರ. 1863ರಲ್ಲಿ ಲಂಡನ್ನಿನಲ್ಲಿ ನೆಲದಡಿಯ ರೈಲು ಶುರುವಾಯಿತು, ಆಮೇಲೆ ಬೇರೆ ಕಡೆಯೂ ಟ್ರಾಮು, ರೈಲು, ಬಸ್ಸು ಬಂದವು. ಅದೇ ಅರ್ಧ ಗಂಟೆಗೆ ಹತ್ತು ಹದಿನೈದು ಕಿಲೋಮೀಟರ್ ಸಿಕ್ಕಿತು, ಊರು ಬೆಳೆಯಿತು.

ಈಗ ನಾಲ್ಕು ಕೋಟಿಯ ನಗರದ ಅಂಚಿನಲ್ಲಿ ಬಾಡಿಗೆಗೆ ಇರುವ ಒಬ್ಬ ಹೆಂಗಸನ್ನು ನೆನೆಸಿಕೊಳ್ಳಿ. ಬಸ್ ನಿಲ್ದಾಣಕ್ಕೆ ಇಪ್ಪತ್ತು ನಿಮಿಷ ನಡೆಯಬೇಕು. ಅಲ್ಲಿ ಕಾಯಬೇಕು. ಒಂದು ಬಸ್ಸು, ಇಳಿದು ಇನ್ನೊಂದು ಬಸ್ಸು, ಅದರಲ್ಲಿ ನಿಂತೇ ಹೋಗಬೇಕು. ಊರ ನಡುವೆ ಎರಡು ಪಟ್ಟು ಸಂಬಳದ ಕೆಲಸ ಇದೆ ಅಂತ ಯಾರೋ ಹೇಳಿದರೆ ಅವಳು ಮೊದಲು ಹಾಕುವ ಲೆಕ್ಕ ಬಸ್ಸಿನದು. ಹೋಗಲು ಎರಡು ಗಂಟೆ, ಬರಲು ಎರಡು ಗಂಟೆ, ಮಗು ಶಾಲೆಯಿಂದ ಬರುವ ಹೊತ್ತಿಗೆ ಮನೆಯಲ್ಲಿ ಯಾರೂ ಇಲ್ಲ. ಆಗಲ್ಲ ಅಂತ ಸುಮ್ನಾಗುತ್ತಾಳೆ. ಪಟ್ಟಿಯಲ್ಲಿ ಅವಳನ್ನೂ ಸೇರಿಸಿಯೇ ನಾಲ್ಕು ಕೋಟಿ ಎಣಿಸಿದ್ದಾರೆ. ಅವಳಿಗೆ ಸಿಕ್ಕಿರುವುದು ನಡೆದು ಹೋಗಬಹುದಾದ ನಾಲ್ಕು ಬೀದಿ. ಅಂಥವರು ಲಕ್ಷಗಟ್ಟಲೆ ಇದ್ದರೆ ಆ ಊರು ದೊಡ್ಡದಾಗಿರುವುದು ಯಾರಿಗೆ? ನನಗೆ ಈ ವಿಷಯದಲ್ಲಿ ನಿಜವಾಗಿಯೂ ಸಿಟ್ಟು ಬರುತ್ತದೆ.

ಬಾಡಿಗೆಯೂ ಇದರಲ್ಲೇ ಬರುತ್ತದೆ. ರೈಲು ಬಂದ ಕಡೆ ಮನೆ ಬಾಡಿಗೆ ಏರಿ, ರೈಲು ಯಾರಿಗೆ ಜಾಸ್ತಿ ಬೇಕಿತ್ತೋ ಅವರೇ ಇನ್ನೂ ಆಚೆಗೆ ಹೋಗಬೇಕಾಗುತ್ತದೆ. ರೈಲಿನ ಜೊತೆಗೇ ಕಡಿಮೆ ಬಾಡಿಗೆಯ ಮನೆಗಳನ್ನೂ ಕಟ್ಟದಿದ್ದರೆ ಪ್ರಯೋಜನ ಅರ್ಧಕ್ಕೆ ನಿಲ್ಲುತ್ತದೆ.

ಲೂಯಿಸ್ ಬೆಟೆನ್‌ಕೋರ್ಟ್, ಜೆಫ್ರಿ ವೆಸ್ಟ್ ಮತ್ತು ಜೊತೆಗಾರರು 2007ರಲ್ಲಿ ಪ್ರಕಟಿಸಿದ ಅಧ್ಯಯನ ನಿಮಗೆ ಗೊತ್ತಿರಬಹುದು. ಊರಿನ ಜನಸಂಖ್ಯೆ ಎರಡು ಪಟ್ಟಾದರೆ ಸಂಬಳ, ಪೇಟೆಂಟ್ ಇಂಥವು ತಲಾ ಲೆಕ್ಕದಲ್ಲೂ ಸುಮಾರು ಶೇ. 10–15ರಷ್ಟು ಹೆಚ್ಚುತ್ತವೆ, ರಸ್ತೆ ಮತ್ತು ವಿದ್ಯುತ್ ತಂತಿ ತಲಾ ಕಡಿಮೆ ಸಾಕಾಗುತ್ತದೆ ಅಂತ ಅವರು ಲೆಕ್ಕ ತೋರಿಸಿದರು. ಅಪರಾಧ, ಸೋಂಕು ರೋಗ ಕೂಡ ಹಾಗೇ ಹೆಚ್ಚುತ್ತವೆ, ಅದನ್ನೂ ಹೇಳಿದ್ದಾರೆ. ಇದಕ್ಕೆ ಅವರು ಕೊಡುವ ಕಾರಣ ಜನ ಜನರನ್ನು ಜಾಸ್ತಿ ಸಂಧಿಸುವುದು. ಸರಿ, ಸಂಧಿಸಬೇಕಾದರೆ ಮೊದಲು ತಲುಪಬೇಕು ಅಲ್ವಾ?

ಕೊಲಂಬಿಯಾದ ಮೆಡೆಲಿನ್ ಅದಕ್ಕೇ ನನಗೆ ಇಷ್ಟ. ಕಣಿವೆಯ ತಳದಲ್ಲಿ ಕಚೇರಿ, ಕೆಲಸ, 1995ರಿಂದ ಮೆಟ್ರೊ. ಬಡವರ ಮನೆಗಳೆಲ್ಲ ಸುತ್ತಲಿನ ಕಡಿದಾದ ಗುಡ್ಡಗಳ ಮೇಲೆ. 2004ರಲ್ಲಿ ಅಲ್ಲಿಗೆ ಕೇಬಲ್ ಕಾರು ಎಳೆದರು, ಪ್ರವಾಸಿಗರಿಗಾಗಿ ಅಲ್ಲ, ದಿನಾ ಕೆಲಸಕ್ಕೆ ಹೋಗುವವರಿಗಾಗಿ. ಕೆಳಗಿಳಿದರೆ ನೇರ ಮೆಟ್ರೊ. 2011ರಲ್ಲಿ ಇನ್ನೊಂದು ಗುಡ್ಡಕ್ಕೆ ಕಟ್ಟಡದ ಹೊರಗೆ, ತೆರೆದ ಜಾಗದಲ್ಲೇ ಎಸ್ಕಲೇಟರ್ ಹಾಕಿದರು. ಜನಸಂಖ್ಯೆಯ ಪಟ್ಟಿಯಲ್ಲಿ ಇದರಿಂದ ಒಂದು ಅಂಕಿಯೂ ಬದಲಾಗಲಿಲ್ಲ. ನನ್ನ ಲೆಕ್ಕದಲ್ಲಿ ಆ ಊರು ಆವತ್ತು ದೊಡ್ಡದಾಯಿತು. ಬೊಲಿವಿಯಾದಲ್ಲಿ ಲಾ ಪಾಜ್ ಕಣಿವೆಯಲ್ಲಿದೆ, ಎಲ್ ಆಲ್ಟೊ ಅದರ ಮೇಲೆ, 4,000 ಮೀಟರಿಗೂ ಎತ್ತರದಲ್ಲಿ. ಕಾಗದದಲ್ಲಿ ಎರಡು ನಗರ. 2014ರಲ್ಲಿ ಕೇಬಲ್ ಕಾರು ಶುರುವಾದ ಮೇಲೆ ಅವೆರಡನ್ನೂ ಬೇರೆ ಬೇರೆ ಎಣಿಸುವುದರಲ್ಲಿ ಅರ್ಥ ಇಲ್ಲ.

ಒಂದು ಗಂಟೆಯೊಳಗೆ ಎಷ್ಟು ಕೆಲಸ, ಎಷ್ಟು ಆಸ್ಪತ್ರೆ, ಎಷ್ಟು ಕಾಲೇಜು ತಲುಪಬಹುದು ಅನ್ನುವ ಲೆಕ್ಕ ಹೊಸದೇನಲ್ಲ. ಸಾರಿಗೆ ಯೋಜನೆ ಮಾಡುವವರು ವೇಳಾಪಟ್ಟಿ ಮತ್ತು ನಕ್ಷೆ ಇಟ್ಟುಕೊಂಡು ಅದನ್ನು ಮಾಡುತ್ತಾರೆ. ಅದು ಜನಸಂಖ್ಯೆಯ ಪಕ್ಕದಲ್ಲೇ ಅಚ್ಚಾಗಬೇಕು ಅನ್ನುವುದು ನನ್ನ ಆಸೆ. ಕಾರು ಇದ್ದವರ ಲೆಕ್ಕ ಬೇಡ, ಊರಿನ ಕಟ್ಟಕಡೆಯ ಬಸ್ ನಿಲ್ದಾಣದಿಂದ ಹೊರಡುವವರ ಲೆಕ್ಕ ಬೇಕು. ಬೆಳಿಗ್ಗೆ ಒಂಬತ್ತಕ್ಕೆ ಒಂದು ಸಲ ಮಾಡಿದರೆ ಸಾಲದು. ರಾತ್ರಿ ಹತ್ತಕ್ಕೂ ಮಾಡಬೇಕು. ಆ ಹೊತ್ತಿಗೆ ಬಸ್ಸು ಕಡಿಮೆ, ಬೀದಿದೀಪ ಇಲ್ಲದ ದಾರಿಯಲ್ಲಿ ಒಬ್ಬಳೇ ನಡೆಯಲು ಹೆದರಿ ಎಷ್ಟೋ ಹೆಂಗಸರು ಸಂಜೆ ಪಾಳಿಯನ್ನೇ ಒಪ್ಪಿಕೊಳ್ಳುವುದಿಲ್ಲ. ಅಂಥ ದಾರಿಗಳನ್ನು ಬಿಟ್ಟು ಎಣಿಸಿದಾಗ ಎಷ್ಟು ಉಳಿಯುತ್ತದೋ ಅದನ್ನೂ ಬರೆಯಲಿ.