ಮಾಟುಂಗಾದ ಮನೆಯನ್ನು ಕೊಟ್ಟು ಊರಿಗೆ ಬರಬಾರದೇ ಎಂದು ಕೇಳುವವರಿಗೆ

ನಮ್ಮ ಮನೆ ಮುಂಬಯಿಯ ಮಾಟುಂಗಾದಲ್ಲಿದೆ ಎಂದ ಕೂಡಲೇ ಎದುರಿಗಿದ್ದವರು, ‘ಪುಣ್ಯವಂತರು ನೀವು, ಮರಗಿಡಗಳ ನಡುವೆ ಮನೆ, ಎಲ್ಲಿಗೆ ಹೋಗುವುದಿದ್ದರೂ ರೈಲು’ ಎನ್ನುತ್ತಾರೆ. ಆ ಮಾತು ಮುಗಿಯುವ ಮೊದಲೇ ಪ್ರಶ್ನೆ ಬರುತ್ತದೆ: ‘ಅದನ್ನು ಕೊಟ್ಟರೆ ಈಗ ಎಷ್ಟು ಬಂದೀತು? ಕೊಟ್ಟು ಊರಿಗೆ ಬರಬಾರದೇ?’ ಈ ಪ್ರಶ್ನೆಗೆ ಬಾಯಲ್ಲಿ ಉತ್ತರಿಸಿ ನನಗೆ ಸಾಕಾಗಿದೆ. ಇನ್ನು ಯಾರೇ ಕೇಳಲಿ, ಈ ಬರಹವನ್ನೇ ಕಳುಹಿಸುತ್ತೇನೆ.

ಮೊದಲಿಗೆ ನೇರ ಉತ್ತರ. ಆ ಮನೆ ನನ್ನ ಸ್ವಂತದ್ದಲ್ಲ, ಅದು ಪಗಡಿ ಮನೆ. ಒಮ್ಮೆ ದೊಡ್ಡ ಮೊತ್ತ ಕೊಟ್ಟು ಬಾಡಿಗೆದಾರನ ಹಕ್ಕನ್ನು ಪಡೆದು, ಆಮೇಲೆ ತಿಂಗಳಿಗೆ ಅತಿ ಕಡಿಮೆ ಬಾಡಿಗೆ ಕಟ್ಟುತ್ತಾ ತಲೆಮಾರುಗಳ ಕಾಲ ಇರುವ ಮುಂಬಯಿಯ ಹಳೆಯ ಪದ್ಧತಿ ಅದು. ಹಕ್ಕನ್ನು ಮತ್ತೊಬ್ಬರಿಗೆ ವರ್ಗಾಯಿಸಬೇಕಾದರೆ ಕಟ್ಟಡದ ಮಾಲೀಕರ ಒಪ್ಪಿಗೆ ಬೇಕು, ಬಂದ ಹಣದಲ್ಲಿ ಅವರಿಗೆ ಪಾಲೂ ಸಲ್ಲಬೇಕು. ಇದನ್ನು ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ, ಏಕೆಂದರೆ ಕೇಳುವವರ ಮನಸ್ಸಿನಲ್ಲಿ ಲೆಕ್ಕ ಆಗಲೇ ಮುಗಿದಿರುತ್ತದೆ.

ಕುಂದಾಪುರದ ಕಡೆಯ ಒಂದು ಮದುವೆಯಲ್ಲಿ ಊಟದ ಪಂಕ್ತಿಯಲ್ಲಿ ನನ್ನ ಪಕ್ಕಕ್ಕೆ ಕುಳಿತಿದ್ದ ಸಂಬಂಧಿಕರೊಬ್ಬರು ಎಡಗೈಯಲ್ಲಿ ಮೊಬೈಲ್ ತೆಗೆದು, ದಾದರಿನ ಹೊಸ ಫ್ಲ್ಯಾಟೊಂದರ ಜಾಹೀರಾತಿನಲ್ಲಿದ್ದ ದರವನ್ನು ನಮ್ಮ ಮನೆಯ ಚದರಡಿಗೆ ಗುಣಿಸತೊಡಗಿದರು. ಮಹಡಿಯ ಎಲ್ಲ ಮನೆಯವರೂ ಓಡಾಡುವ ಮೊಗಸಾಲೆಯನ್ನೂ ನಮ್ಮ ಪಾಲಿಗೇ ಸೇರಿಸಿದರು. ಎದುರಿನ ಸಾಲಿನವರು ಹೋಳಿಗೆಯನ್ನು ಎಲೆಯ ಮೇಲೇ ಬಿಟ್ಟು ಮೊತ್ತಕ್ಕಾಗಿ ಕಾದರು. ಕೊನೆಗೆ ಅವರು, ‘ಭಾವ, ಮಣಿಪಾಲದಲ್ಲಿ ಎರಡು ಫ್ಲ್ಯಾಟ್ ಬಂದು ಮತ್ತೂ ಉಳೀತದೆ. ಎಂತಕ್ಕೆ ಆ ಹಳೇ ಕಟ್ಟಡದಲ್ಲಿ ಕೂತದ್ದು ನೀವು?’ ಎಂದರು. ಪಂಕ್ತಿಯ ಆ ತುದಿಯಿಂದ ಈ ತುದಿಯವರೆಗೆ ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಅವರು ಕೇಳಿದ್ದು ಪ್ರೀತಿಯಿಂದಲೇ ಎಂಬುದು ನನಗೆ ಗೊತ್ತು, ಆದರೂ ಆ ಮಾತು ನನ್ನನ್ನು ಕೆರಳಿಸಿತು.

ಎಂತಕ್ಕೆ ಎಂದು ಹೇಳುತ್ತೇನೆ. ಮಧ್ಯ ರೈಲ್ವೆಯ ಮಾಟುಂಗಾ, ಪಶ್ಚಿಮ ರೈಲ್ವೆಯ ಮಾಟುಂಗಾ ರೋಡ್, ಹಾರ್ಬರ್ ಮಾರ್ಗದ ಕಿಂಗ್ಸ್ ಸರ್ಕಲ್, ಈ ಮೂರು ನಿಲ್ದಾಣಗಳಿಗೂ ನಾನು ನಡೆದೇ ಹೋಗುತ್ತೇನೆ. ಫಾಸ್ಟ್ ಲೋಕಲ್ ಇಲ್ಲಿ ನಿಲ್ಲದಿದ್ದರೂ ಪಕ್ಕದ ದಾದರಿನಲ್ಲಿ ಸಿಗುತ್ತದೆ. ಸ್ಲೋ ಲೋಕಲ್ ಹಿಡಿದರೂ ದಕ್ಷಿಣ ಮುಂಬಯಿಯ ಮುಖ್ಯ ನಿಲ್ದಾಣ ಸಿಎಸ್‌ಎಂಟಿ ಸುಮಾರು 20 ನಿಮಿಷ. ನಿಲ್ದಾಣದಿಂದ ಹೊರಗೆ ಕಾಲಿಟ್ಟರೆ ಹೂವಿನ ಅಂಗಡಿಗಳಿವೆ, ಬಾಳೆಲೆ ಸಿಗುತ್ತದೆ, 1942ರಿಂದ ನಡೆಯುತ್ತಿರುವ ರಾಮ ನಾಯಕರ ಉಡುಪಿ ಊಟದ ಮನೆಯಿದೆ. ಭಾವು ದಾಜಿ ರಸ್ತೆಯಲ್ಲಿ 1926ರಲ್ಲಿ ಸ್ಥಾಪನೆಯಾದ ಮೈಸೂರು ಅಸೋಸಿಯೇಷನ್ ಎಂಬ ಕನ್ನಡಿಗರ ಸಂಘವಿದೆ. ಕನ್ನಡ ನಾಟಕ ನೋಡಲು ನಾನು ಊರಿಗೆ ಬರಬೇಕಾಗಿಲ್ಲ. ಮಳೆಗಾಲದಲ್ಲಿ ಕಿಂಗ್ಸ್ ಸರ್ಕಲ್ ಮತ್ತು ಗಾಂಧಿ ಮಾರ್ಕೆಟ್ಟಿನ ಬಳಿ ಮೊಣಕಾಲುದ್ದ ನೀರು ನಿಲ್ಲುತ್ತದೆ ಎಂಬುದೂ ನಿಜ, ಅದನ್ನು ನಾನು ಮುಚ್ಚಿಡುವುದಿಲ್ಲ.

ಆದರೆ ನನ್ನ ಸಿಟ್ಟಿಗೆ ಮೂಲ ಬೇರೆಯೇ ಇದೆ. ನೆರಳು ಮತ್ತು ರೈಲು ಎರಡನ್ನೂ ಜನ ಅದೃಷ್ಟವೆಂದು ತಿಳಿದು ಬೆಲೆಗೆ ಸೇರಿಸಿಬಿಡುತ್ತಾರೆ. ಈ ನೆರಳು ಇಲ್ಲಿಗೆ ಹೇಗೆ ಬಂತು ಎಂದು ಒಬ್ಬರಾದರೂ ಕೇಳಿದ್ದರೆ ನಾನು ಸಂತೋಷದಿಂದ ಗಂಟೆಗಟ್ಟಲೆ ಹೇಳುತ್ತಿದ್ದೆ.

1896ರಲ್ಲಿ ಮುಂಬಯಿಗೆ ಪ್ಲೇಗ್ ಬಂತು. ಗಾಳಿ ಬೆಳಕಿಲ್ಲದ ಕೇರಿಗಳಲ್ಲಿ ಜನ ಸಾಯುತ್ತಿದ್ದಾಗ, 1898ರಲ್ಲಿ ಸರ್ಕಾರ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟನ್ನು ಸ್ಥಾಪಿಸಿತು. ಆ ಟ್ರಸ್ಟ್ ನಗರದ ಉತ್ತರಕ್ಕಿದ್ದ ದಾದರ್, ಮಾಟುಂಗಾ, ವಡಾಲಾ, ಸಾಯನ್ ಪ್ರದೇಶಗಳಲ್ಲಿ ಅಗಲವಾದ ರಸ್ತೆಗಳನ್ನೂ ಉದ್ಯಾನಗಳನ್ನೂ ಗುರುತಿಸಿ ಬಡಾವಣೆಗಳನ್ನು ರೂಪಿಸಿತು. ಅಲ್ಲಿ ಕೆಲಸ ಮಾಡುತ್ತಿದ್ದ ಎಂಜಿನಿಯರ್ ಮಂಚೇರ್ಜಿ ಜೋಶಿಯವರು ಪಾರ್ಸಿ ಮಧ್ಯಮವರ್ಗದವರಿಗಾಗಿ 103 ನಿವೇಶನಗಳನ್ನು ಮೀಸಲಿಡುವಂತೆ ಅಧಿಕಾರಿಗಳನ್ನು ಒಪ್ಪಿಸಿದರು. ಯಾವ ರಸ್ತೆಗೆ ಯಾವ ಮರ ಎಂಬುದನ್ನೂ ಅವರ ಯೋಜನೆ ನಿರ್ಧರಿಸಿತ್ತು. ಹಾಗೆ ರೂಪುಗೊಂಡ ದಾದರ್ ಪಾರ್ಸಿ ಕಾಲೊನಿಯಲ್ಲಿರುವ ಫಿರ್ದೌಸಿ ರಸ್ತೆಯ ಮಹಾಗನಿ ಸಾಲು ಆ ಯೋಜನೆಯ ಫಲ. ಇದೇ ಟ್ರಸ್ಟ್ ನಾಗಪಾಡಾದಂಥ ಕಡೆಗಳಲ್ಲಿ ಬಡವರ ಮನೆಗಳನ್ನು ಕೆಡವಿತು, ಮನೆ ಕಳೆದುಕೊಂಡವರಲ್ಲಿ ಬಹಳ ಮಂದಿಗೆ ಇಲ್ಲಿನ ನೆರಳು ದಕ್ಕಲಿಲ್ಲ ಎಂಬುದನ್ನೂ ಜೊತೆಯಲ್ಲೇ ಹೇಳಬೇಕು. ಹೀಗೆ ಮನೆ ಕಳೆದುಕೊಂಡವರೂ ಬೆಲೆ ತೆತ್ತು ಉಂಟಾದ ನೆರಳನ್ನು ನಮ್ಮ ಕಾಲದಲ್ಲಿ ಕಳೆಯುವುದು ನನಗೆ ಅನ್ಯಾಯವೆಂದೇ ತೋರುತ್ತದೆ.

ಕಳೆಯುವ ಕೆಲಸ ನಡೆದೇ ಇದೆ. ಹಳೆಯ ಕಟ್ಟಡಗಳು ಒಂದೊಂದಾಗಿ ಮರುನಿರ್ಮಾಣಕ್ಕೆ ಹೋಗುತ್ತಿವೆ. ಮೂರು ಮಹಡಿಯ ಜಾಗದಲ್ಲಿ ಗೋಪುರ ಎದ್ದಾಗ ಕಾರುಗಳಿಗೆ ನೆಲಮಾಳಿಗೆ ಬೇಕು, ನೆಲಮಾಳಿಗೆಗೆ ಇಳಿಯಲು ರ‍್ಯಾಂಪ್, ಅಂದರೆ ಇಳಿಜಾರು ದಾರಿ ಬೇಕು. ಅದಕ್ಕೆ ಜಾಗ ಸಿಗುವುದು ಕಟ್ಟಡದ ಸುತ್ತ ಬಿಟ್ಟಿದ್ದ ಮಣ್ಣಿನಲ್ಲಿ. ಮಹಾರಾಷ್ಟ್ರದಲ್ಲಿ ನಗರದ ಮರಗಳನ್ನು ರಕ್ಷಿಸಲು 1975ರ ಕಾಯ್ದೆಯಿದೆ. ಅದರ ಪ್ರಕಾರ ಮರ ಕಡಿಯುವ ಮೊದಲು ನೋಟಿಸನ್ನು ಆ ಮರದ ಮೇಲೆಯೇ ಹಚ್ಚಿ ಆಕ್ಷೇಪಣೆಗಳನ್ನು ಕರೆಯುತ್ತಾರೆ. ಮಳೆಯಲ್ಲಿ ನೆನೆದು ಅಕ್ಷರ ಕದಡಿದ ಆ ಕಾಗದವನ್ನು ನಿಂತು ಓದುವವರನ್ನು ನಾನು ಕಂಡದ್ದು ತೀರ ಅಪರೂಪ. ಬೆಲೆ ಕೇಳುವವರ ಸಂಖ್ಯೆಯಲ್ಲಿ ಹತ್ತರಲ್ಲೊಂದು ಪಾಲು ಜನ ಅದನ್ನು ಓದಿದ್ದರೆ ಎಷ್ಟೋ ಮರಗಳು ಉಳಿಯುತ್ತಿದ್ದವು ಎಂದು ನಾನು ನಂಬಿದ್ದೇನೆ.

ಈಗ ನಮ್ಮ ಕಟ್ಟಡದ ಸರದಿ. ಬಿಲ್ಡರ್ ಕಡೆಯವರು ತೋರಿಸಿದ ಬಣ್ಣದ ಚಿತ್ರದಲ್ಲಿ ಹಸಿರು ತುಂಬಿತ್ತು. ಅಳತೆಯ ನಕ್ಷೆಯನ್ನು ಬಿಡಿಸಿ ನೋಡಿದಾಗ, ಹಿತ್ತಲಿನ ಎರಡು ಮಳೆಮರಗಳು ನಿಂತಿರುವ ಜಾಗದ ಮೇಲೆಯೇ ರ‍್ಯಾಂಪಿನ ಗೆರೆ ಹಾದುಹೋಗಿತ್ತು. ಚಿತ್ರದ ಹಸಿರೆಲ್ಲವೂ ಪೋಡಿಯಂ, ಅಂದರೆ ಗೋಪುರದ ಬುಡದ ಕಾಂಕ್ರೀಟ್ ಕಟ್ಟೆಯ ಮೇಲಿನ ಕುಂಡಗಳದ್ದು. ಸಂಜೆಯಾದಾಗ ಎಲೆ ಮಡಚಿಕೊಳ್ಳುವ ಆ ಮರಗಳ ಕೊಂಬೆಗಳು ಹಿಂದಿನ ರಸ್ತೆಯನ್ನು ದಾಟಿ ಆಚೆಯ ಕಟ್ಟಡದ ಬಾಲ್ಕನಿಯನ್ನು ಮುಟ್ಟುತ್ತವೆ, ಅಂಥ ಮರವನ್ನು ಕಿತ್ತು ಬೇರೆಡೆ ನೆಡುತ್ತೇವೆ ಎಂಬ ಭರವಸೆಯನ್ನು ನಾನು ಒಪ್ಪಲಾರೆ. ಸಭೆಯಲ್ಲಿ ಉಳಿದವರೆಲ್ಲ ಕಾರ್ಪೆಟ್ ಏರಿಯಾ, ಅಂದರೆ ಮನೆಯೊಳಗೆ ಬಳಕೆಗೆ ಸಿಗುವ ಜಾಗ, ಎಷ್ಟು ಹೆಚ್ಚುತ್ತದೆ ಎಂದು ಕೇಳಿದರು, ಅದು ಅವರ ಹಕ್ಕು. ಎರಡನೆಯ ಮಹಡಿಯ ತಮಿಳು ಅಜ್ಜಿಯೊಬ್ಬರು ಮಾತ್ರ ನನ್ನ ಜೊತೆ ನಿಂತು, ರ‍್ಯಾಂಪನ್ನು ಮುಂಭಾಗದ ಗೇಟಿನ ಕಡೆಗೆ ತಿರುಗಿಸಲು ಏನು ಅಡ್ಡಿ ಎಂದು ಕೇಳಿದರು.

ಆದ್ದರಿಂದ ಇನ್ನು ನನ್ನ ಮನೆಯ ವಿಷಯ ಕೇಳಲೇಬೇಕೆನಿಸಿದರೆ, ರ‍್ಯಾಂಪ್ ಸರಿಯಿತೇ ಎಂದು ಕೇಳಿ. ಸದ್ಯಕ್ಕೆ ಸರಿದಿಲ್ಲ. ಪರಿಷ್ಕರಿಸಿದ ನಕ್ಷೆಯನ್ನು ತರುವುದಾಗಿ ಆರ್ಕಿಟೆಕ್ಟ್ ಹೇಳಿದ್ದಾರೆ. ಅದರಲ್ಲಿ ಎರಡೂ ಮರಗಳನ್ನು ಗುರುತಿಸಿರುವುದನ್ನು ಕಣ್ಣಾರೆ ನೋಡುವವರೆಗೆ ಅಜ್ಜಿಯೂ ನಾನೂ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವುದಿಲ್ಲ.