ಪದ್ಮಿನಿಗೆ ಹೊಸ ಬೀಡಿಂಗ್ ಕೂರಿಸಿದ್ದು

ಮಂಡ್ಯದ ನಮ್ಮ ಭಾವನವರು ಬಹಳ ಕಾಲ ಶೆಡ್ಡಿನಲ್ಲಿ ನಿಲ್ಲಿಸಿದ್ದ ಪ್ರೀಮಿಯರ್ ಪದ್ಮಿನಿಯನ್ನು ಮೈಸೂರಿಗೆ ತಂದಾಗ ನನಗೆ ಅದರ ಎಂಜಿನ್ನಿನ ಬಗ್ಗೆ ಹೆಚ್ಚು ಚಿಂತೆ ಇರಲಿಲ್ಲ. ಮುಂಬೈಯಲ್ಲಿ ಈ ಕಾರು ಕಪ್ಪು-ಹಳದಿ ಟ್ಯಾಕ್ಸಿಯಾಗಿ 2023ರವರೆಗೂ ಓಡಿದ್ದರಿಂದ, 1089 ಸಿಸಿಯ ಆ ಎಂಜಿನ್ನಿಗೆ ಬೇಕಾದ ಸಾಮಾನು ಯಾರಾದರೂ ತಯಾರಿಸುತ್ತಲೇ ಬಂದಿದ್ದಾರೆ. ಕಷ್ಟವಾಗಿದ್ದು ಓಡುವುದಕ್ಕೆ ಅಗತ್ಯವೇ ಇಲ್ಲದ ಭಾಗಗಳದ್ದು. ಟ್ಯಾಕ್ಸಿಯವನು ಬ್ರೇಕಿಗೆ ಹಣ ಹಾಕುತ್ತಾನೆಯೇ ಹೊರತು ಬಾಗಿಲ ಮೇಲಿನ ಹೊಳೆಯುವ ಪಟ್ಟಿಗಲ್ಲ. ನಮ್ಮ ಕಾರಿನಲ್ಲಂತೂ ಎರಡು ಬದಿಯ, ಬೀಡಿಂಗ್ ಎನ್ನುವ ಈ ಪಟ್ಟಿಗಳ ಪೈಕಿ ಬಲಗಡೆ ಹಿಂಭಾಗದ ಒಂದೇ ಒಂದು ತುಂಡು ಉಳಿದಿತ್ತು. ಮಿಕ್ಕವನ್ನು ಹಿಂದೆಂದೋ ಪೇಂಟ್ ಮಾಡಿಸುವಾಗ ಕಿತ್ತವರು ಮತ್ತೆ ಹಾಕಿರಲಿಲ್ಲ.

ಕುರ್ಲಾದ ಕಾರ್ಖಾನೆಯಿಂದ 1964ರಲ್ಲಿ ಫಿಯೆಟ್ 1100 ಡಿಲೈಟ್ ಎಂಬ ಹೆಸರಿನಲ್ಲಿ ಹೊರಬಂದು 1974ರಿಂದ ಪದ್ಮಿನಿ ಎನಿಸಿಕೊಂಡ ಈ ಕಾರಿನ ಮೈಕಟ್ಟು ಕೊನೆಯವರೆಗೂ ಹೆಚ್ಚು ಬದಲಾಗಲಿಲ್ಲ, ಆದರೆ ಗ್ರಿಲ್ಲು, ಅಲಂಕಾರದ ಪಟ್ಟಿ, ಹೆಸರಿನ ಅಕ್ಷರಗಳಿರುವ ಮೊನೋಗ್ರಾಂಗಳು ಕಾಲಕಾಲಕ್ಕೆ ಬದಲಾದವು. ಆದ್ದರಿಂದ ಅಂಗಡಿಗೆ ಹೋಗಿ ಪದ್ಮಿನಿಯ ಬೀಡಿಂಗ್ ಕೊಡಿ ಎಂದರೆ ಸಾಲದು, ಯಾವ ಕಾಲದ್ದು ಎಂಬುದನ್ನೂ ಹೇಳಬೇಕು. ನಾನು ಉಳಿದಿದ್ದ ಹಳೆಯ ತುಂಡನ್ನೇ ಬಟ್ಟೆಯಲ್ಲಿ ಸುತ್ತಿಕೊಂಡು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದೆ. ಅಂಗಡಿಯವರು ತೋರಿಸಿದ ಹೊಸ ಪಟ್ಟಿ ಸ್ಟೇನ್‌ಲೆಸ್ ಸ್ಟೀಲಿನದು. ಪಕ್ಕದಲ್ಲಿ ನಿಂತಿದ್ದ ಗಿರಾಕಿಯೊಬ್ಬರು ಅಯಸ್ಕಾಂತ ಹಿಡಿದು ನೋಡಿ ಎಂದು ಸಲಹೆ ಕೊಟ್ಟರು. ಆ ಪರೀಕ್ಷೆಯಲ್ಲಿ ನನಗೆ ನಂಬಿಕೆಯಿಲ್ಲ: 304 ದರ್ಜೆಯ ಸ್ಟೇನ್‌ಲೆಸ್‌ಗೆ ಅಯಸ್ಕಾಂತ ಅಂಟುವುದಿಲ್ಲವೆಂಬುದು ನಿಜವಾದರೂ, 430 ದರ್ಜೆಯದಕ್ಕೆ ಅಂಟುತ್ತದೆ, ಮತ್ತು ಅದೂ ಸ್ಟೇನ್‌ಲೆಸ್ಸೇ. ನಾನು ನೋಡಿದ್ದು ಪಟ್ಟಿಯ ಹಿಂಬದಿಯಲ್ಲಿ ಒಳಕ್ಕೆ ಮಡಿಸಿದ ಅಂಚನ್ನು. ಕ್ಲಿಪ್ಪು ಹಿಡಿಯುವುದು ಅಲ್ಲಿಯೇ. ಆ ಮಡಿಕೆ ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲವಾಗಿದ್ದರೆ ಮುಂದೆ ಪಟ್ಟಿ ರಸ್ತೆಯಲ್ಲಿ ಗಲಗಲ ಎನ್ನುವುದು ಖಂಡಿತ.

ಕೆಲಸ ನಡೆದದ್ದು ಬನ್ನಿಮಂಟಪದ ಕಡೆಯ ಒಂದು ಸಣ್ಣ ಗ್ಯಾರೇಜಿನಲ್ಲಿ. ಅಲ್ಲಿನ ಟಿಂಕರಿಂಗ್ ಮೇಸ್ತ್ರಿ ವಯಸ್ಸಾದವರು, ಮಾತು ಕಡಿಮೆ. ನಾನು ಪಟ್ಟಿಗಳನ್ನು ಹಳೆಯ ಜಮಖಾನದ ಮೇಲೆ ಸಾಲಾಗಿ ಹರಡುತ್ತಿರುವಾಗ ಅವರು ಅವುಗಳತ್ತ ಕಣ್ಣೆತ್ತಿಯೂ ನೋಡದೆ, ಮುಂಬಾಗಿಲನ್ನು ಅರ್ಧ ತೆರೆದು ಅದರ ತುದಿಯನ್ನು ಎರಡೂ ಕೈಯಿಂದ ಮೇಲಕ್ಕೆ ಎತ್ತಿದರು. ಬಾಗಿಲು ಕೀಲಿನ ಬಳಿ ಕಟಕಟ ಎಂದಿತು.

“ಸಾರ್, ಬಾಗ್ಲು ಇಷ್ಟು ಜೋಲ್ತಾ ಇದೆ. ಈಗ್ಲೇ ಪಟ್ಟಿ ಹೊಡೆದ್ರೆ ಅದು ಇಳಿದಿರೋದು ಊರಿಗೆಲ್ಲ ಗೊತ್ತಾಗುತ್ತೆ.”

ನನ್ನ ಮಟ್ಟಿಗೆ ಇಡೀ ಕೆಲಸದ ಮರ್ಮ ಈ ಮಾತಿನಲ್ಲಿತ್ತು. ಪಟ್ಟಿಯಿಲ್ಲದ ಬಾಗಿಲು ಮೂರು ನಾಲ್ಕು ಮಿಲಿಮೀಟರ್ ಇಳಿದಿದ್ದರೆ ಯಾರ ಕಣ್ಣಿಗೂ ಬೀಳುವುದಿಲ್ಲ, ಆದರೆ ಮಡ್‌ಗಾರ್ಡಿನಿಂದ ಹಿಂದಿನ ದೀಪದವರೆಗೆ ಒಂದೇ ಗೆರೆಯಾಗಿ ಕಾಣಬೇಕಾದ ಹೊಳೆಯುವ ಪಟ್ಟಿ ಬಾಗಿಲಿನ ಸಂದಿನಲ್ಲಿ ಒಂದು ಕೂದಲೆಳೆ ತಪ್ಪಿದರೂ ದಾರಿಹೋಕನ ಕಣ್ಣು ಮೊದಲು ನಿಲ್ಲುವುದು ಅಲ್ಲಿಯೇ. ಹೊಸ ಪಟ್ಟಿಯನ್ನು ಯಾವುದೋ ಒಂದು ಮಾದರಿ ಕಾರಿನ ಅಳತೆಗೆ ತಯಾರಿಸಿರುತ್ತಾರೆ. ನಮ್ಮ ಮುಂದೆ ನಿಂತಿರುವ ಕಾರಾದರೋ ಹಲವು ಸಲ ತಗ್ಗು ಎತ್ತಿಸಿಕೊಂಡು, ಪುಟ್ಟಿ ತುಂಬಿಸಿಕೊಂಡು, ತನ್ನದೇ ಅಳತೆಯನ್ನು ಪಡೆದುಕೊಂಡಿರುತ್ತದೆ. ಹೀಗಾಗಿ ಬೀಡಿಂಗ್ ಹಾಕುವುದೆಂದರೆ ಮುಕ್ಕಾಲು ಪಾಲು ಬಾಗಿಲು ಸರಿಪಡಿಸುವ ಕೆಲಸ. ಸವೆದ ಕೀಲಿನ ಪಿನ್ನುಗಳನ್ನು ಹೊರತೆಗೆದು, ಹತ್ತಿರದ ಲೇತ್ ಅಂಗಡಿಯಲ್ಲಿ ತುಸು ದಪ್ಪನೆಯ ಪಿನ್ನುಗಳನ್ನು ಕಡೆಸಿ, ಬಾಗಿಲಿನ ಕೆಳಗೆ ಮರದ ತುಂಡಿಟ್ಟು ಜಾಕ್ ಕೊಟ್ಟು ಎತ್ತಿ ಕೂರಿಸಿದ ಮೇಲಷ್ಟೇ ಮೇಸ್ತ್ರಿ ಜಮಖಾನದ ಕಡೆಗೆ ಬಂದರು.

ಈ ನಡುವೆ ಮಂಡ್ಯಕ್ಕೆ ಹೋಗಿಬರುವಾಗ ಶ್ರೀರಂಗಪಟ್ಟಣದ ಬಳಿಯ ಪಯಣ ಕಾರು ಸಂಗ್ರಹಾಲಯಕ್ಕೂ ಹೋಗಿದ್ದೆ. ಬಂದವರೆಲ್ಲ ಕಾರುಗಳ ಮುಂಭಾಗದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರೆ ನಾನು ಬಾಗಿಲಿನ ಸಂದುಗಳ ಎದುರು ಬಗ್ಗಿ ನಿಂತಿದ್ದನ್ನು ಕಂಡು ಅಲ್ಲಿನ ಸಿಬ್ಬಂದಿಗೆ ಅನುಮಾನ ಬಂದಿದ್ದರೆ ಆಶ್ಚರ್ಯವಿಲ್ಲ. ಪಟ್ಟಿಯ ತುದಿ ಬಾಗಿಲಿನ ಅಂಚಿಗಿಂತ ಎಷ್ಟು ಹಿಂದೆ ನಿಲ್ಲುತ್ತದೆ ಎಂಬುದನ್ನು ನಾನು ನೋಡಬೇಕಾಗಿತ್ತು. ಬಾಗಿಲು ತೆರೆಯುವಾಗ ಅದರ ಮುಂದಿನ ಅಂಚು ಸ್ವಲ್ಪ ಒಳಕ್ಕೆ ತಿರುಗುತ್ತದೆ; ಮಡ್‌ಗಾರ್ಡಿನ ಪಟ್ಟಿ ತೀರ ಹತ್ತಿರವಿದ್ದರೆ ಎರಡರ ತುದಿಗಳೂ ತಾಗಿ ಪೇಂಟು ಏಳುತ್ತದೆ. ಬಿಸಿಲಿನ ಲೆಕ್ಕವೂ ಇದೆಯಾದರೂ ಅದು ಚಿಕ್ಕದು: ಒಂದು ಮೀಟರ್ ಉದ್ದದ ಸ್ಟೇನ್‌ಲೆಸ್ ಪಟ್ಟಿ ಮೂವತ್ತು ಡಿಗ್ರಿ ಹೆಚ್ಚು ಕಾದರೆ ಹಿಗ್ಗುವುದು ಸುಮಾರು ಅರ್ಧ ಮಿಲಿಮೀಟರ್. ನಾವು ಮೂರು ಮಿಲಿಮೀಟರ್ ಸಂದು ಬಿಟ್ಟೆವು.

ಹಳೆಯ ತೂತುಗಳನ್ನು ಹುಡುಕುವುದು ಮುಂದಿನ ಕೆಲಸವಾಗಿತ್ತು. ಹೊರಗಿನಿಂದ ನೋಡಿದರೆ ಹೊಸ ಪೇಂಟಿನ ಅಡಿಯಲ್ಲಿ ಏನೂ ಕಾಣುತ್ತಿರಲಿಲ್ಲ. ಬಾಗಿಲಿನ ಒಳಗಿನ ಪ್ಯಾಡ್ ಬಿಚ್ಚಿ ಟಾರ್ಚ್ ಬಿಟ್ಟಾಗ, ಪುಟ್ಟಿ ತುಂಬಿ ಮುಚ್ಚಿದ್ದ ತೂತುಗಳು ಒಳಬದಿಯಲ್ಲಿ ಸಣ್ಣ ಬೊಕ್ಕೆಗಳಂತೆ ಸಾಲಾಗಿ ಕಂಡವು. ಅವುಗಳಲ್ಲಿ ಕೆಲವು ಹೊಸ ಗೆರೆಗೆ ಹೊಂದಿದವು, ಕೆಲವು ಹೊಂದಲಿಲ್ಲ. ಮುಂದಿನ ದೀಪದಿಂದ ಹಿಂದಿನವರೆಗೆ ನೂಲು ಎಳೆದು, ಅದರುದ್ದಕ್ಕೂ ಮಾಸ್ಕಿಂಗ್ ಟೇಪ್ ಅಂಟಿಸಿ, ಮೇಸ್ತ್ರಿ ರಸ್ತೆಯ ಆಚೆಗೆ ಹೋಗಿ ಕುಕ್ಕರಗಾಲಿನಲ್ಲಿ ಕುಳಿತು ನೋಡಿದರು. ಅಳತೆಪಟ್ಟಿಯ ಪ್ರಕಾರ ನೇರವಾಗಿದ್ದ ಟೇಪು ಅವರ ಕಣ್ಣಿಗೆ ಹಿಂಬದಿಯಲ್ಲಿ ಇಳಿದಂತೆ ಕಂಡಿತು. ನಾನೂ ಹೋಗಿ ಕುಳಿತು ನೋಡಿದೆ. ಅವರು ಹೇಳಿದ್ದು ನಿಜ. ಹಿಂಬದಿಯ ಮೈ ಕೆಳಕ್ಕೆ ಜಾರುವ ಕಡೆ ಗೆರೆ ನೇರವಾಗಿದ್ದರೂ ಇಳಿದಂತೆ ತೋರುತ್ತದೆ. ಟೇಪನ್ನು ಅಲ್ಲಿ ಒಂದು ಎಳೆ ಮೇಲಕ್ಕೆ ಎತ್ತಿದೆವು. ಅಳತೆಗಿಂತ ನೋಟವನ್ನು ನಂಬುವುದು ನನ್ನ ಸ್ವಭಾವಕ್ಕೆ ಒಗ್ಗುವ ಮಾತಲ್ಲ, ಆದರೂ ಅಲಂಕಾರದ ಪಟ್ಟಿ ಇರುವುದು ನೋಡುವವರಿಗಾಗಿ ಎಂಬುದನ್ನು ಒಪ್ಪಬೇಕಾಯಿತು.

ತೂತು ಕೊರೆಯುವುದನ್ನು ಮೇಸ್ತ್ರಿ ಯಾರಿಗೂ ಬಿಡಲಿಲ್ಲ. ಬಾಗಿಲಿನ ಗಾಜಿಗೋ ಅದನ್ನು ಏರಿಸಿ ಇಳಿಸುವ ಯಂತ್ರಕ್ಕೋ ತಾಗದಿರಲೆಂದು ಡ್ರಿಲ್ ಬಿಟ್ಟಿನ ಮೇಲೆ ರಬ್ಬರ್ ಕೊಳವೆಯ ತುಂಡನ್ನು ತೊಡಿಸಿ, ತುದಿ ಮಾತ್ರ ಹೊರಗೆ ಕಾಣುವಂತೆ ಮಾಡಿಕೊಂಡರು. ಮೊದಲು ಸಣ್ಣ ಬಿಟ್ಟು, ಆಮೇಲೆ ಕ್ಲಿಪ್ಪಿನ ಅಳತೆಯದು. ಪ್ರತಿ ತೂತಾದ ಮೇಲೂ ಉದುರಿದ ಲೋಹದ ಪುಡಿಯನ್ನು ಬ್ರಷ್ಷಿನಿಂದ ಆಗಿಂದಾಗಲೇ ಗುಡಿಸುತ್ತಿದ್ದರು. ರಾತ್ರಿಯ ಇಬ್ಬನಿ ತಾಗಿದರೆ ಆ ಪುಡಿ ತುಕ್ಕಾಗಿ, ಬೆಳಗಾಗುವಷ್ಟರಲ್ಲಿ ಬಿಳಿ ಪೇಂಟಿನ ಮೇಲೆ ಕಂದು ಚುಕ್ಕೆಗಳನ್ನು ಬಿಡುತ್ತದೆ. ತೂತಿನ ಅಂಚು ಉಜ್ಜಿ, ಸತುವಿನ ಪ್ರೈಮರ್ ಹಚ್ಚಿ ಒಣಗಿಸುವುದಕ್ಕೆ ನಾನು ಒತ್ತಾಯಿಸಿದೆ. ಮೇಸ್ತ್ರಿಗೆ ಅದು ಅತಿ ಎನಿಸಿತೇನೋ. ಆದರೆ ದೊಡ್ಡ ಸ್ಟೇನ್‌ಲೆಸ್ ಪಟ್ಟಿಯ ಅಡಿಯಲ್ಲಿ ಸಾದಾ ಉಕ್ಕಿನ ಚಿಕ್ಕ ಜಾಗ ಬರಿದಾಗಿದ್ದು, ಎರಡರ ನಡುವೆ ಮಳೆನೀರು ನಿಂತರೆ, ತುಕ್ಕೆಲ್ಲವೂ ಆ ಚಿಕ್ಕ ಜಾಗದ ಮೇಲೆಯೇ ಎರಗಿ ಅದನ್ನು ಬೇಗ ತಿನ್ನುತ್ತದೆ. ಹಳೆಯ ಕಾರುಗಳಲ್ಲಿ ಬೀಡಿಂಗ್ ಕೆಳಗೇ ತುಕ್ಕಿನ ಗುಳ್ಳೆಗಳು ಏಳಲು ಒಂದು ಕಾರಣ ಇದು. ಹಳೆಯ ಸ್ಪ್ರಿಂಗ್ ಉಕ್ಕಿನ ಕ್ಲಿಪ್ಪುಗಳೇ ತುಕ್ಕು ಹಿಡಿಯುವುದು ಇನ್ನೊಂದು. ಆದ್ದರಿಂದ ನಾವು ನೈಲಾನ್ ಕ್ಲಿಪ್ಪುಗಳನ್ನು ಹಾಕಿ, ಪ್ರತಿಯೊಂದರ ಬುಡಕ್ಕೂ ಸೀಲೆಂಟ್ ಮೆತ್ತಿ ಒತ್ತಿದೆವು.

ಗ್ರಿಲ್ಲಿನ ಬಗ್ಗೆ ಹೇಳುವಂಥದ್ದು ಏನಿಲ್ಲ. ಸ್ಕ್ರೂ ಹಾಕಿದೆವು, ಕೂತಿತು. ಡಿಕ್ಕಿಯ ಮೇಲಿನ ಮೊನೋಗ್ರಾಂ ಮಾತ್ರ ಸತಾಯಿಸಿತು. ಹಳೆಯದು ಲೋಹದ ಎರಕ, ಕೈಗೆ ತೂಕ ಬರುವಂಥದ್ದು. ಹೊಸದು ಪ್ಲಾಸ್ಟಿಕ್ಕಿನ ಮೇಲೆ ಕ್ರೋಮ್ ಮಾಡಿದ್ದು, ಅದರ ಹಿಂದಿನ ಪಿನ್ನುಗಳ ಅಂತರ ನಮ್ಮ ಡಿಕ್ಕಿಯ ತೂತುಗಳಿಗೆ ಎರಡು ಮಿಲಿಮೀಟರಿನಷ್ಟು ತಪ್ಪಿತ್ತು. ಎಳೆದು ಕೂರಿಸಲು ಹೋದರೆ ಪಿನ್ನು ಮುರಿಯುವುದು ನಿಶ್ಚಿತವಾದ್ದರಿಂದ ಒಂದು ತೂತನ್ನು ಸಣ್ಣ ಅರದಿಂದ ಅಡ್ಡಕ್ಕೆ ಅಗಲಿಸಿದೆವು. ಅಕ್ಷರದ ಅಡಿಯಲ್ಲಿ ಅದು ಮುಚ್ಚಿಹೋಯಿತು.

ಕೊನೆಯ ಚರ್ಚೆ ನಡೆದದ್ದು ಉಳಿದಿದ್ದ ಹಳೆಯ ತುಂಡಿನ ಬಗ್ಗೆ. ಹೊಸ ಪಟ್ಟಿಗಳ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಸುಲಿದಾಗ ಅವು ಮದುವೆಗೆ ತಂದ ಸ್ಟೀಲ್ ಪಾತ್ರೆಗಳಂತೆ ಕಣ್ಣು ಕುಕ್ಕಿದವು, ಹಳೆಯ ತುಂಡಿನ ಹೊಳಪು ಅದರ ಮುಂದೆ ಮಂದವಾಗಿತ್ತು. ಭಾವನವರು ಫೋನಿನಲ್ಲಿ, “ಹಳೇದನ್ನ ತೆಗೆದುಬಿಡಿ, ಬಲಗಡೆ ಒಂದು ಥರ ಎಡಗಡೆ ಒಂದು ಥರ ಇರಬಾರದು,” ಎಂದರು. ನನಗೆ ಅದನ್ನು ಬಿಡಲು ಮನಸ್ಸಾಗಲಿಲ್ಲ, ಭಾವುಕತೆಯಿಂದಲ್ಲ, ಅದರ ತುದಿಯ ತಿರುವು ಹೊಸದರಲ್ಲಿ ಇರಲಿಲ್ಲವಾದ್ದರಿಂದ. ಹೊಸ ಪಟ್ಟಿಯ ತುದಿಯನ್ನು ನೇರವಾಗಿ ಕತ್ತರಿಸಿಬಿಟ್ಟಿದ್ದರು. ಮೇಸ್ತ್ರಿ ಹಳೆಯದನ್ನು ಮರದ ಅಚ್ಚಿನ ಮೇಲಿಟ್ಟು ತಗ್ಗುಗಳನ್ನು ತಟ್ಟಿ ತೆಗೆದು, ಅದನ್ನೇ ನೋಡಿಕೊಂಡು ಎಡಗಡೆಯ ಹೊಸ ಪಟ್ಟಿಯ ತುದಿಯನ್ನು ಅರದಿಂದ ತಿದ್ದಿದರು. ಹೊಳಪಿನ ವ್ಯತ್ಯಾಸ ಈಗಲೂ ಇದೆ. ಎರಡೂ ಬದಿಯನ್ನು ಒಟ್ಟಿಗೆ ನೋಡುವ ಕಣ್ಣು ಯಾರಿಗೂ ಇಲ್ಲ ಎಂದು ಭಾವನವರಿಗೆ ಹೇಳಿದ್ದೇನೆ.

ಮಳೆ ಬಿದ್ದ ಮೇಲೆ ಪ್ಯಾಡುಗಳನ್ನು ಮತ್ತೆ ಬಿಚ್ಚಿ ನೋಡಿದಾಗ ಕ್ಲಿಪ್ಪುಗಳ ಸುತ್ತ ಒಣಗಿಯೇ ಇತ್ತು, ಗಾಜಿನ ಸಂದಿನಿಂದ ಇಳಿದ ನೀರು ಬಾಗಿಲಿನ ತಳದ ರಂಧ್ರಗಳಿಂದ ಹೊರಹೋಗಿತ್ತು. ಮಂಡ್ಯದ ರಸ್ತೆಯಲ್ಲಿ ವೇಗ ಹೆಚ್ಚಿಸಿದಾಗ ಎಡಗಡೆ ಹಿಂಬಾಗಿಲಿನ ಪಟ್ಟಿಯೊಂದು ಸಣ್ಣಗೆ ಗಲಗುಟ್ಟಿತು. ಅದರ ಮಡಿಕೆಯೊಳಗೆ ಸೈಕಲ್ ಟ್ಯೂಬಿನ ಒಂದು ಚೂರನ್ನು ತುರುಕಿದ ಮೇಲೆ ನಿಂತಿತು.